ಸೋತವನು ಮೊದಲು ಆರಿಸಬೇಕು

ಖಾಲಿ ಬಸ್ಸೊಂದು ನಿಲ್ದಾಣಕ್ಕೆ ಬಂದಾಗ ಜನ ಅದರಲ್ಲಿ ಆಸನ ಆರಿಸುವ ರೀತಿಯನ್ನು ತಾವು ಎಂದಾದರೂ ಗಮನಿಸಿದ್ದೀರಾ? ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಕಂಟ್ರೋಲರನಾಗಿ ಕಿಟಕಿಯ ಹಿಂದೆ ಕುಳಿತು ನಾನು ಅದನ್ನು ವರ್ಷಾನುಗಟ್ಟಲೆ ನೋಡಿದ್ದೇನೆ. ಬಸ್ಸು ಇನ್ನೂ ನಿಂತಿರುವುದಿಲ್ಲ, ಕಿಟಕಿಯೊಳಗೆ ಟವೆಲ್ಲು ಹಾರುತ್ತದೆ, ಚೀಲ ಹಾರುತ್ತದೆ, ಒಮ್ಮೆ ಕೂಸೊಂದು ಹಾರುವುದರಲ್ಲಿತ್ತು. ಇಷ್ಟೆಲ್ಲ ಯುದ್ಧ ಮಾಡಿ ಗೆದ್ದ ಆಸನ, ಮುಂಜಾನೆ ಸವದತ್ತಿಗೆ ಹೋಗುವ ಬಸ್ಸಿನಲ್ಲಿ, ತಪ್ಪದೆ ಬಿಸಿಲಿನ ಮಗ್ಗುಲಿನದೇ ಆಗಿರುತ್ತದೆ. ಸೂರ್ಯ ಯಾವ ದಿಕ್ಕಿಗೆ ಹುಟ್ಟುತ್ತಾನೆ ಎಂಬುದು ರಹಸ್ಯವೇನಲ್ಲ. ಆದರೂ ಆರಿಸುವ ಮೊದಲು ಒಂದು ಕ್ಷಣ ವಿಚಾರಿಸುವ ಅಭ್ಯಾಸ ನಮ್ಮ ಜನಕ್ಕಿಲ್ಲ.

ನನಗಿದೆ. ಸವದತ್ತಿಯ ಬೋರ್ಡಿಂಗಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು, ಗಂಟೆಯ ಸದ್ದಿಗೆ ನಿದ್ರಿಸಿ ಬೆಳೆದವನು ನಾನು. ನಂತರದ ಆಯುಷ್ಯವೆಲ್ಲ ವೇಳಾಪಟ್ಟಿಯ ಸೇವೆಯಲ್ಲೇ ಸವೆಯಿತು. ಅಂಥ ನನ್ನನ್ನು, ಅದೂ ಆಯ್ಕೆಯ ವಿಷಯದಲ್ಲಿ, ಇಬ್ಬರು ಗೆಳೆಯರು ಇಂದಿಗೂ ನಗೆಪಾಟಲು ಮಾಡುತ್ತಿದ್ದಾರೆ. ನಿವೃತ್ತನಾದ ಮೇಲೂ ನಿಲ್ಲದ ಈ ಅನ್ಯಾಯವನ್ನು ಓದುಗರ ಮುಂದಿಡುವುದು ನನ್ನ ಹಕ್ಕೆಂದು ತಿಳಿದಿದ್ದೇನೆ.

ಒಬ್ಬ ಗೆಳೆಯ ಚನಬಸಪ್ಪ, ಹತ್ತಿಯ ಅಡತಿ ವ್ಯಾಪಾರಿ. ಇನ್ನೊಬ್ಬ ಖಾದರಸಾಬ, ನಿಲ್ದಾಣದ ಎದುರಿಗೆ ಹೊಲಿಗೆಯ ಅಂಗಡಿ ಇಟ್ಟವನು. ಮೂವರಿಗೂ ಕುಸ್ತಿಯೆಂದರೆ ಜೀವ. ಆದರೆ ಮೂವರಲ್ಲಿ ಯಾರ ದೇಹವನ್ನು ನೋಡಿಯೂ ಅದನ್ನು ಊಹಿಸುವುದು ಸಾಧ್ಯವಿರಲಿಲ್ಲ. ಆದ್ದರಿಂದ ನಾವು ಮಣ್ಣಿಗಿಳಿಯದೆ ಆಡಬಹುದಾದ ಕುಸ್ತಿಯೊಂದನ್ನು ಕಂಡುಹಿಡಿದೆವು. ದೀಪಾವಳಿಯಾದ ಮೇಲೆ ಒಂದು ರವಿವಾರ ಖಾದರಸಾಬನ ಅಂಗಡಿಯಲ್ಲಿ ಸೇರಿ, ಸುತ್ತಿನ ಊರುಗಳ ಪೈಲ್ವಾನರಲ್ಲಿ ಸರದಿಯಂತೆ ಒಬ್ಬೊಬ್ಬರನ್ನು ಹೆಸರು ಹಿಡಿದು ಆರಿಸುವುದು, ತಲೆಗೆ ಮೂವರು. ಅಲ್ಲಿಂದ ಮಳೆಗಾಲದವರೆಗೆ ಎಲ್ಲಿ ಕಣ ಕೂಡಿದರೂ ಅವರ ಗೆಲುವು ನಮ್ಮ ಗೆಲುವು, ಅವರ ಸೋಲು ನಮ್ಮ ಸೋಲು. ಫಲಿತಾಂಶ ತರುವವರು ನನ್ನ ಕಂಡಕ್ಟರುಗಳು. ರಾಮದುರ್ಗದಿಂದಲೋ ಸವದತ್ತಿಯಿಂದಲೋ ಬಸ್ಸು ಒಳಗೆ ಬರುವಾಗ ಬಾಗಿಲಲ್ಲಿ ನಿಂತವನು ಅಂಗೈಯನ್ನು ಕೆಳಗೆ ಮಾಡಿ ತೋರಿಸಿದರೆ ನಮ್ಮವನು ಎದುರಾಳಿಯನ್ನು ಒತ್ತಿದನೆಂದು ಅರ್ಥ; ಅಂಗೈ ಆಕಾಶ ನೋಡಿದರೆ ನಮ್ಮವನೇ ಆಕಾಶ ನೋಡಿದನೆಂದು. ಪಾಪ, ಪೈಲ್ವಾನರಿಗೆ ಇದೊಂದೂ ಗೊತ್ತಿರಲಿಲ್ಲ, ಗೊತ್ತಾಗಬೇಕಾದ ಕಾರಣವೂ ಇರಲಿಲ್ಲ.

ಕಟ್ಟಿಕೊಂಡ ನಿಯಮಗಳಲ್ಲಿ ಮುಖ್ಯವಾದುದು, ವರ್ಷದ ಕೊನೆಗೆ ಹಿಂದೆ ಬಿದ್ದವನಿಗೆ ಮರುವರ್ಷ ಮೊದಲ ಆಯ್ಕೆ. ಸೋತವನ ಮೇಲೆ ಕರುಣೆ. ಈ ನಿಯಮವನ್ನು ಸೂಚಿಸಿದವನು ನಾನೇ, ಚನಬಸಪ್ಪನ ಮೇಲೆ ಕರುಣೆಯಿಟ್ಟು.

ಮೊದಲ ವರ್ಷದ ನನ್ನ ಆಯ್ಕೆಗಳನ್ನು ಇಂದು ಮತ್ತೆ ತೂಗಿ ನೋಡಿದರೂ ಒಂದರಲ್ಲೂ ದೋಷ ಕಾಣುವುದಿಲ್ಲ. ಚನಬಸಪ್ಪ ಎತ್ತು ಕೊಳ್ಳುವವನಂತೆ ಕತ್ತು ನೋಡಿ ಆರಿಸಿದ. ಖಾದರಸಾಬ ಅರ್ಧ ತಾಲೂಕಿನ ಪೈಲ್ವಾನರಿಗೆ ಅಂಗಿ ಹೊಲಿದವನಾದ್ದರಿಂದ ಎದೆಯ ಅಳತೆ ನೋಡಿ ಆರಿಸಿದ. ಇದು ವೃತ್ತಿಯ ದುರುಪಯೋಗವೆಂದು ನಾನು ಆಗಲೇ ಪ್ರತಿಭಟಿಸಿದ್ದೆ. ನಾನು ನೋಡಿದ್ದು ದಿನಚರಿಯನ್ನು. ಸವದತ್ತಿಯ ಶಿವಲಿಂಗಪ್ಪ ಕೋಳಿಗಿಂತ ಮೊದಲು ಏಳುವವನು, ಜನ್ಮದಲ್ಲಿ ಹೋಟೆಲಿನ ಬೆಂಚಿನ ಮೇಲೆ ಕುಳಿತವನಲ್ಲ. ರಾಮದುರ್ಗದ ಗುರುಪಾದ ಅಳೆದು ಹಾಲು ಕುಡಿಯುವವನು. ಸಂಗೊಳ್ಳಿಯ ಮಲ್ಲಪ್ಪ ಎಲ್ಲಿಗೂ ತಡವಾಗಿ ಹೋದದ್ದೇ ಇಲ್ಲ. ಇಂಥ ಮೂವರು ಸೋಲುವುದು ಸಾಧ್ಯವೇ?

ಸೋತರು. ಶಿವಲಿಂಗಪ್ಪ ಕಣದ ಮಣ್ಣಿಗೆ ಬಗ್ಗಿ ನಮಸ್ಕರಿಸುವುದನ್ನು ಯಥಾವಿಧಿ ಮುಗಿಸುವಷ್ಟರಲ್ಲಿ ಎದುರಾಳಿ ಅವನ ಕಾಲು ಹಿಡಿದಿದ್ದ. ಗುರುಪಾದನ ಮನೆಯ ಎಮ್ಮೆ ಬತ್ತಿತು. ಬೇರೆ ಎಮ್ಮೆಯ ಹಾಲು ಒಗ್ಗದೆಂದು ಆತ ಎರಡು ಕಣಗಳನ್ನೇ ಬಿಟ್ಟ. ಮಲ್ಲಪ್ಪ ತಡವಾದೀತೆಂದು ಹಿಂದಿನ ದಿನವೇ ಹೋಗಿ ಕುಳಿತು, ಬಿಸಿಲಿನಲ್ಲಿ ಕಾದು, ಹೆಸರು ಕೂಗುವ ಹೊತ್ತಿಗೆ ಜ್ವರ ಬಂದು ನಡುಗುತ್ತಿದ್ದ. ಇವುಗಳಲ್ಲಿ ಯಾವುದು ಆಯ್ಕೆಯ ತಪ್ಪು, ಹೇಳಿ!

ಅದೇ ವರ್ಷ ಆಯ್ಕೆಯ ಕೊಟ್ಟಕೊನೆಗೆ, ಬೇರೆ ಯಾರೂ ಉಳಿದಿಲ್ಲವೆಂಬ ಒಂದೇ ಕಾರಣಕ್ಕೆ ಚನಬಸಪ್ಪ ಎತ್ತಿಕೊಂಡಿದ್ದವನು ಚಚಡಿಯ ಫಕೀರಪ್ಪ. ಹೊತ್ತು ನೆತ್ತಿಗೆ ಬಂದಾಗ ಏಳುವ ಆಸಾಮಿ. ಹಲಗಿಯವರು ಬಾರಿಸಿ ಬಾರಿಸಿ ಅವರ ಕೈ ಸೋತ ಮೇಲೆ ಕಣಕ್ಕೆ ಬರುವವನು, ಬರುವಾಗಲೂ ಬಾಯಲ್ಲಿ ಮಿರ್ಚಿ ಭಜಿ. ಎದುರಾಳಿಯ ಕೈ ಹಿಡಿಯುವಾಗ ಏನೋ ನಗೆಮಾತು ಹೇಳಿ ಅವನನ್ನೂ ನಗಿಸುವುದು, ಆತ ನಗುವಷ್ಟರಲ್ಲಿ ಆತನ ಬೆನ್ನು ಮಣ್ಣಿಗೆ. ಇದು ಕುಸ್ತಿಯೇ? ಆ ವರ್ಷ ಅಂಗೈ ಕೆಳಗೆ ಮಾಡಿ ಮಾಡಿ ನನ್ನ ಕಂಡಕ್ಟರುಗಳು ಬೇಸತ್ತರು.

ಹೀಗೆ ಮರುವರ್ಷ ನಾನೇ ಸೂಚಿಸಿದ ಕರುಣೆ ನನ್ನ ಪಾಲಿಗೇ ಬಂತು. ಮೊದಲ ಆಯ್ಕೆ ನನ್ನದು.

"ಆರಿಸ್ರಿ ಕಂಟ್ರೋಲರ್ ಸಾಹೇಬ್ರ," ಎಂದ ಚನಬಸಪ್ಪ. "ಕೋಳಿಗಿಂತ ಮೊದಲ ಏಳಾವ್ರು ಇನ್ನೂ ಭಾಳ ಮಂದಿ ಅದಾರ. ಪೇಪರ್ ಹಾಕಾಂವ ಒಬ್ಬ ಅದಾನ ನೋಡ್ರಿ."

"ಹಾಲ ಮಾರಾಂವನೂ ಅದಾನ," ಎಂದು ಖಾದರಸಾಬ ಸೂಜಿಗೆ ದಾರ ಪೋಣಿಸುತ್ತ ಸೇರಿಸಿದ.

"ಫಕೀರಪ್ಪ," ಎಂದೆ ನಾನು.

ನನ್ನ ತರ್ಕ ಸರಳವಾಗಿತ್ತು: ಶಿಸ್ತಿಲ್ಲದೆಯೇ ಇಷ್ಟು ಗೆಲ್ಲುವವನು ಶಿಸ್ತು ಕೂಡಿದರೆ ಎಷ್ಟು ಗೆದ್ದಾನು! ಈ ಗಣಿತದಲ್ಲಿ ತಪ್ಪು ತೋರಿಸಿದವರಿಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಆದರೆ ಈ ಗುಟ್ಟನ್ನು ಖಾದರಸಾಬ, ಅಂಗಿಯ ಅಳತೆ ಕೊಡಲು ಬಂದ ಫಕೀರಪ್ಪನಿಗೇ ಹೇಳಿಬಿಟ್ಟ. ಮರುದಿನ ನನ್ನ ಕಿಟಕಿಯ ಮುಂದೆ, ಕಿಟಕಿ ಪೂರ್ತಿ ಮುಚ್ಚುವಂತೆ, ಒಬ್ಬ ತರುಣ ಬಂದು ನಿಂತ.

"ಸಾಹೇಬ್ರ, ನೀವು ನನ್ನ ಮೊದಲನೇದಾಂವ ಅಂತ ಆರಿಸಿದ್ರಂತ ಖರೇ ಏನ್ರಿ?"

"ಖರೇ."

"ಹ್ವಾದ ವರ್ಷ ನಾ ಕಡೀಕಿನಾಂವ ಇದ್ದೆನಂತ." ಆತ ಗಟ್ಟಿಯಾಗಿ ನಕ್ಕ. ಆಮೇಲೆ ನಗು ನಿಲ್ಲಿಸಿ, "ಸಾಲ್ಯಾಗೂ ಯಾರೂ ನನ್ನ ಮೊದಲ ಕರದಿಲ್ರಿ. ನೀವ ಹೆಂಗ ಅಂತೀರಿ ಹಂಗ ನಡೀತೇನಿ," ಎಂದ.

ಇಂಥ ಅವಕಾಶ ಒಬ್ಬ ವೇಳಾಪಟ್ಟಿಯ ಮನುಷ್ಯನಿಗೆ ಆಯುಷ್ಯದಲ್ಲಿ ಒಮ್ಮೆ ದೊರೆಯುತ್ತದೆ. ಏಳುವುದು, ಸಾಮು ತೆಗೆಯುವುದು, ಉಣ್ಣುವುದು, ಮಲಗುವುದು ಎಲ್ಲಕ್ಕೂ ವೇಳೆ ಗೊತ್ತುಮಾಡಿಕೊಟ್ಟೆ. ಭಜಿ ಬಂದ್. ಕಣದಲ್ಲಿ ನಗುವುದು ಬಂದ್. ಚಚಡಿಯ ಮೇಲೆ ಹಾಯುವ ಮೊದಲ ಬಸ್ಸಿನ ಡ್ರೈವರಿಗೆ, ಅವನ ಮನೆಯ ಮುಂದೆ ಹಾರ್ನ್ ಹೊಡೆಯಬೇಕೆಂದು ಹೇಳಿಟ್ಟೆ. ಫಕೀರಪ್ಪ ಹೊರಗೆ ಬಂದು ಮೈಮೇಲಿನ ಬೆವರು ಕಾಣುವಂತೆ ಕೈಯೆತ್ತಬೇಕು, ಕಂಡಕ್ಟರ್ ಬಂದು ನನಗೆ ವರದಿ ಒಪ್ಪಿಸಬೇಕು. ಆತ ಒಂದು ದಿನವೂ ತಪ್ಪಿಸಲಿಲ್ಲ. ಕಣಗಳಿಗೆ ಎಲ್ಲರಿಗಿಂತ ಮೊದಲು ಹೋಗಿ ನಿಂತ. ಮಣ್ಣಿಗೆ ವಿಧಿಯಂತೆ ನಮಸ್ಕರಿಸಿದ. ಬಾಯಿ ಬಿಗಿದುಕೊಂಡು ಕೈ ಹಿಡಿದ.

ಸವದತ್ತಿಯಿಂದ ಅಂಗೈ ಆಕಾಶ ನೋಡುತ್ತ ಬಂತು. ರಾಮದುರ್ಗದಿಂದಲೂ ಹಾಗೆಯೇ ಬಂತು. ನಾನು ವೇಳೆಗಳನ್ನು ಇನ್ನಷ್ಟು ಬಿಗಿಗೊಳಿಸಿದೆ. ಮುನವಳ್ಳಿಯಿಂದ ಬಂದ ಕಂಡಕ್ಟರ್ ಕೈಯನ್ನೇ ತೋರಿಸಲಿಲ್ಲ. ಕಿಸೆಯಲ್ಲಿಟ್ಟುಕೊಂಡು ಇಳಿದು ಹೋದ.

ಹೀಗಿರುವಾಗ ಒಂದು ಮಧ್ಯಾಹ್ನ ತಲೆತುಂಬ ಸೆರಗು ಹೊದ್ದ ಹೆಂಗಸೊಬ್ಬಳು ಕಿಟಕಿಗೆ ಬಂದಳು.

"ಎಲ್ಲಿಗೆ ಹೋಗಬೇಕವ್ವಾ?" ಎಂದೆ.

"ಎಲ್ಲೂ ಇಲ್ರಿ. ನನ್ನ ಮಗನ್ನ ಬಿಡಿಸ್ಕೊಂಡ ಹೋಗಾಕ ಬಂದೇನಿ."

"ಪೊಲೀಸ್ ಠಾಣೆ ಆ ಕಡಿ ಐತಿ."

"ಹಿಡದಾವ್ರು ನೀವು. ಠಾಣ್ಯಾಗ ಹೋಗಿ ಏನ ಕೇಳಲಿ?"

ಆಕೆ ಫಕೀರಪ್ಪನ ತಾಯಿ ಗಂಗವ್ವ. ಅಷ್ಟು ಹೊತ್ತಿಗೆ ನನ್ನ ಹಿಂದೆ ಕಂಡಕ್ಟರುಗಳು ಟಿಕೆಟ್ ಲೆಕ್ಕ ಬಿಟ್ಟು ಕಿವಿಯಾಗಿದ್ದರು.

"ನೀವು ಹಾರ್ನ್ ಹೊಡಸ್ತೀರಿ, ಓಣಿ ತುಂಬ ಕೂಸುಗಳು ಎದ್ದು ಅಳತಾವ. ಅದು ಹೋಗ್ಲಿ. ಮೊದಲ ಇಂವ ಉಣ್ಣಾಕ ಕುಂತ್ರ ಮನಿಯೆಲ್ಲಾ ನಗು ಇರತಿತ್ತು. ಈಗ ತುತ್ತ ಎತ್ತಿದಾಂವ ಬಾಗಲಾ ನೋಡತಾನ, ಬಸ್ ಬಂತೇನ ಅಂತ. ಇನ್ನ ಕಣದಾಗ ಎದರಿನಾಂವನ್ನ ಹೆಂಗ ನೋಡಬೇಕು?"

"ನಾನೇನ ಹೊಡದೇನೇನವ್ವಾ? ಬ್ಯಾಡಾಗಿದ್ರ ಬಿಡಲಿ."

"ಬಿಡೂದಿಲ್ಲಂತ! ಮೊದಲನೇದಾಂವ ಅಂತ ಆರಿಸ್ಯಾರ, ಅವರ ಮಾತ ಹೆಂಗ ಮುರೀಲಿ ಅಂತಾನ. ಮುನವಳ್ಳಿ ಸಾವಕಾರ್ರು ಇವನ ಖುರಾಕ ನಾ ನೋಡ್ಕೋತೇನಿ ಅಂದಾರ್ರಿ, ಹಾಲು, ತುಪ್ಪ, ಬದಾಮಿ ಎಲ್ಲಾ. ಆದ್ರ ಕಿತ್ತೂರ ಕಣದಾಗ ಗೆದ್ದ ತೋರಸಬೇಕಂತ. ಅಲ್ಲೂ ಸೋತ್ರ ಇಂವ ಗರಡಿ ಬಿಟ್ಟ ಹಾಂಗs. ಯಪ್ಪಾ, ನೀವs ಬಿಟ್ಟಬಿಡ್ರಿ ಅವನ್ನ."

ನನಗೆ ಬಂದ ಸಿಟ್ಟನ್ನು ಏನೆಂದು ವರ್ಣಿಸಲಿ! ಒಬ್ಬ ಮನುಷ್ಯನನ್ನು ನಸುಕಿನಲ್ಲಿ ಎಬ್ಬಿಸುವುದು ಅಪರಾಧವೇ? ಎಣ್ಣೆಯಲ್ಲಿ ಕರಿದದ್ದನ್ನು ತಿನ್ನಬೇಡವೆಂದದ್ದು ಹಿಂಸೆಯೇ? ಅದೂ ಅಲ್ಲದೆ ನಮ್ಮ ಆಟದಲ್ಲಿ ಆರಿಸಿದವನನ್ನು ನಡುವೆ ಸುಮ್ಮನೆ ಬಿಡುವಂತಿಲ್ಲ. ಇನ್ನೊಬ್ಬರು ಒಪ್ಪಿದರೆ ಅದಲುಬದಲು ಮಾಡಿಕೊಳ್ಳಬೇಕು. ಅಂದರೆ ನಾನು, ಹಿಂದಿನ ವರ್ಷ ಅವನನ್ನು ಎತ್ತಿಕೊಂಡಿದ್ದ ಚನಬಸಪ್ಪನ ಮುಂದೆ ಹೋಗಿ ನಿಲ್ಲಬೇಕು. ಹೋಗಿ ನಿಂತ ಮೇಲೆ ಫಕೀರಪ್ಪ ಕಿತ್ತೂರಿನಲ್ಲಿ ಗೆದ್ದರೆ ಆ ಗೆಲುವು ಚನಬಸಪ್ಪನದು. ಎರಡು ದಿನ ಈ ಅನ್ಯಾಯವನ್ನು ಎಲ್ಲ ಮಗ್ಗುಲುಗಳಿಂದ ಪರಿಶೀಲಿಸಿ ನೋಡಿದೆ, ಎಲ್ಲ ಮಗ್ಗುಲಿಗೂ ಬಿಸಿಲೇ ಇತ್ತು. ಮೂರನೆಯ ದಿನ ಹೋಗಿ ನಿಂತೆ.

ಚನಬಸಪ್ಪ ಹತ್ತಿಯ ಅಂಡಿಗೆಗೆ ಒರಗಿ ಬಹಳ ಹೊತ್ತು ನಕ್ಕ. "ಕೊಡತೇನಿ ತಗೋರಿ, ಬದಲಿ ನಮ್ಮ ಪೈಲ್ವಾನ ಬಸಲಿಂಗನ್ನ."

"ಆತನ ಕೈ ಮುರದೈತಿ. ಪಟ್ಟಿ ಕಟಗೊಂಡ ಮನ್ಯಾಗ ಕುಂತಾನ!"

"ಅದs ನಿಮಗ ಬೇಕಾದ್ದಲ್ಲೇನ್ರಿ? ಹೊತ್ತಿಗೆ ಸರಿಯಾಗಿ ಉಣತಾನ, ಹೊತ್ತಿಗೆ ಸರಿಯಾಗಿ ಮಲಗತಾನ."

ಅದಲುಬದಲಾಯಿತು. ಚಚಡಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ, ಇಂದಿನಿಂದ ನೀನು ನನ್ನವನಲ್ಲ, ನಾಳೆಯಿಂದ ಹಾರ್ನ್ ಇರುವುದಿಲ್ಲ ಎಂದು ಹೇಳಿಕಳಿಸಿದೆ. "ಏನಂದ?" ಎಂದು ಸಂಜೆ ಕೇಳಿದರೆ, "ನಿಮ್ಮ ಸಾಹೇಬ್ರಿಗೆ ಸಿಟ್ಟ ಬಂತೇನ ಅಂತ ಅಷ್ಟ ಕೇಳಿದ," ಎಂದ.

ಫಲಿತಾಂಶವನ್ನು ಕಂಡಕ್ಟರುಗಳಿಂದ ತಿಳಿಯುವುದೇ ನನ್ನ ಪದ್ಧತಿಯಾದರೂ, ಕಿತ್ತೂರಿನ ಕಣಕ್ಕೆ ಮಾತ್ರ ರಜೆ ಹಾಕಿ ನಾನೇ ಹೋದೆ. ಸಾವಕಾರರು ಮುಂದಿನ ಸಾಲಿನಲ್ಲಿ ಗಂಭೀರವಾಗಿ ಕುಳಿತಿದ್ದರು. ಹಲಗಿ ಬಾರಿಸತೊಡಗಿದರು, ಫಕೀರಪ್ಪನ ಹೆಸರು ಕೂಗಿದರು, ಆಸಾಮಿ ಇಲ್ಲ. ಮತ್ತೆ ಕೂಗಿದರು. ನನ್ನ ಕಾಲುಗಳು ತಾವಾಗಿಯೇ ಎದ್ದು ಹುಡುಕಿಕೊಂಡು ಹೊರಟವು. ಭಜಿಯ ಬಂಡಿಯ ಹಿಂದೆ, ಲಂಗೋಟಿಯ ಮೇಲೊಂದು ಟವೆಲ್ಲು ಸುತ್ತಿಕೊಂಡು ನಿಂತಿದ್ದ. ನನ್ನನ್ನು ಕಂಡದ್ದೇ ಕೈಯೊಳಗಿನ ಕಾಗದದ ಪೊಟ್ಟಣವನ್ನು ಬೆನ್ನ ಹಿಂದೆ ಮರೆಮಾಡಿದ. ಅಷ್ಟು ದೊಡ್ಡ ದೇಹ ಅಷ್ಟು ಸಣ್ಣದನ್ನು ಮುಚ್ಚಿಡಲು ಪಟ್ಟ ಪಾಡು!

"ಸಿಟ್ಟ ಬಂದೈತೇನ್ರಿ?" ಎಂದ.

"ಬಂದೈತಿ," ಎಂದೆ. "ಹೆಸರ ಕೂಗಿ ಎಷ್ಟೊತ್ತಾತು! ತಿನ್ನೂದಿದ್ರ ಲಗೂನ ತಿನ್ನು, ಇಲ್ಲಾಂದ್ರ ಕೈಯಾಗ ಹಿಡಕೊಂಡ ನಡಿ."

ಆತ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಆ ಹಳೆಯ ನಗು ಹೊರಬಿತ್ತು. ಬಂಡಿಯವನೂ ಕಾರಣವಿಲ್ಲದೆ ನಕ್ಕ. ಫಕೀರಪ್ಪ ಬಾಯಿ ತುಂಬಿಕೊಂಡೇ ಓಡಿದ. ಕಣದಲ್ಲಿ ಎದುರಾಳಿಯ ಕೈ ಹಿಡಿಯುವಾಗ ಏನೆಂದನೋ ನನಗೆ ಕೇಳಿಸಲಿಲ್ಲ, ಆದರೆ ಆ ಗಟ್ಟಿ ಆಳು ಹಲ್ಲು ಕಿಸಿದದ್ದು ಕಾಣಿಸಿತು, ಮರುಕ್ಷಣ ಅವನ ಕಾಲುಗಳು ಮೇಲೆ ಕಾಣಿಸಿದವು. ಸಾವಕಾರರು ಎದ್ದು ನಿಂತು ತಲೆಯ ಪಟಕಾ ಬಿಚ್ಚಿ ಹಾರಿಸಿದರು. ನಾನು ಕೂಗಿದ ಕೂಗಿಗೆ ಮರುದಿನ ನನ್ನ ದನಿಯೇ ಇರಲಿಲ್ಲ. ಸವದತ್ತಿಯ ಬಸ್ಸನ್ನು ಸನ್ನೆ ಮಾಡಿ ಬಿಡಬೇಕಾಯಿತು. ಗೆಲುವೆಲ್ಲ ಚನಬಸಪ್ಪನ ಪಾಲಾಯಿತು. ಬಸಲಿಂಗನ ಕೈ ಮಳೆಗಾಲದವರೆಗೂ ಕೂಡಲಿಲ್ಲ.

ನನ್ನ ವೇಳಾಪಟ್ಟಿ ತಪ್ಪಾಗಿತ್ತೆಂದು ನಾನು ಇಂದಿಗೂ ಒಪ್ಪುವುದಿಲ್ಲ. ವೇಳಾಪಟ್ಟಿ ಬಸ್ಸಿಗೆ ಹೊಂದುತ್ತದೆ, ನನಗೆ ಹೊಂದುತ್ತದೆ. ಅದು ಹೊಂದದವರೂ ಲೋಕದಲ್ಲಿ ಇರುತ್ತಾರೆ, ಅವರೂ ಹೇಗೋ ಊರು ಮುಟ್ಟುತ್ತಾರೆ. ಇದು ನನಗೆ ಒಪ್ಪಿಗೆಯಾಗಿದೆ ಎಂದಲ್ಲ. ಇದು ನಡೆಯುತ್ತದೆ, ಅಷ್ಟೇ.

ದೀಪಾವಳಿ ಮತ್ತೆ ಬಂತು. ಖಾದರಸಾಬನ ಅಂಗಡಿಯಲ್ಲಿ ಮತ್ತೆ ಸೇರಿದೆವು. ಕೊನೆಗೆ ಬಿದ್ದವನು ನಾನೇ ಆದ್ದರಿಂದ ಮೊದಲ ಆಯ್ಕೆ ಮತ್ತೆ ನನ್ನದೇ. ಅಷ್ಟರಲ್ಲಿ ಫಕೀರಪ್ಪ ಸಾವಕಾರರ ತುಪ್ಪ ಉಂಡು ಇನ್ನಷ್ಟು ದುಂಡಗಾಗಿದ್ದ. ಸುತ್ತಿನ ನಾಲ್ಕು ಊರುಗಳಲ್ಲಿ ಅವನಿಗೆ ಸರಿಜೋಡಿ ಇರಲಿಲ್ಲ. ಖಾದರಸಾಬ ಮಶೀನು ನಿಲ್ಲಿಸಿದ. ಚನಬಸಪ್ಪನಂತೂ ತನ್ನ ಪೈಲ್ವಾನನನ್ನು ಕಳೆದುಕೊಳ್ಳಲು ಸಿದ್ಧನಾಗಿ ಸಣ್ಣ ಮುಖ ಮಾಡಿ ಕುಳಿತಿದ್ದ.

"ಸವದತ್ತಿ ಶಿವಲಿಂಗಪ್ಪ," ಎಂದೆ.

ಅಂದು ಆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಇಡೀ ನಿಲ್ದಾಣಕ್ಕೆ ಕೇಳಿಸಿತು. ಈ ನಗುವೇ ಇಂದಿಗೂ ನನ್ನ ಬೆನ್ನು ಬಿಡದೆ ಓಣಿ ಓಣಿ ತಿರುಗುತ್ತಿರುವುದು. ಕಂಟ್ರೋಲರನಿಗೆ ಬುದ್ಧಿ ಬರಲಿಲ್ಲ, ಕೈಗೆ ಬಂದ ಹುಲಿಯನ್ನು ಬಿಟ್ಟು ಮತ್ತೆ ಕೋಳಿಗಿಂತ ಮೊದಲು ಏಳುವವನನ್ನೇ ಹಿಡಿದ ಎನ್ನುತ್ತಾರೆ. ಎನ್ನಲಿ. ಕುಸ್ತಿಯನ್ನು ಇವರು ನನಗೆ ಕಲಿಸಬೇಕಾಗಿಲ್ಲ. ಆ ದಿನ ನಾನು ಫಕೀರಪ್ಪನ ಹೆಸರು ಹಿಡಿಯಲಿಲ್ಲ. ಅವನು ಗೆಲ್ಲುತ್ತಲೇ ಇರಬೇಕಾಗಿತ್ತು.