ಮೆಂತ್ಯ ಬಳಿದ ಚಂದ್ರ

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಕಟ್ಟಿದವನಿಗೆ ಉಗ್ಗು ಇದ್ದಿರಲಾರದು. ಇದ್ದಿದ್ದರೆ ತನ್ನ ಬಂಗಾರವನ್ನೆಲ್ಲ ಯಾರಿಗಾದರೂ ಕೊಟ್ಟು ಒಂದು ಚಿಟಿಕೆ ಬೆಳ್ಳಿ ಬೇಡುತ್ತಿದ್ದ. ನನಗೆ ಹನ್ನೆರಡು ತುಂಬುವ ಹೊತ್ತಿಗೆ ಆ ಬಂಗಾರ ಸಾಕುಬೇಕಾಗುವಷ್ಟು ಸೇರಿತ್ತು. ಅದರಲ್ಲೂ ‘ಬ’, ‘ಭ’ ಎರಡೂ ನನ್ನ ತುಟಿಗೆ ಬೀಗ ಹಾಕಿಬಿಡುತ್ತಿದ್ದವು. ಅಜ್ಜಿ ಬೆಲ್ಲ ತರಲು ಕಳಿಸಿದರೆ ಅಂಗಡಿಯವನ ಮುಂದೆ ನಿಂತು, ಹಿಂದೆ ಜನ ಸೇರುವುದನ್ನು ಕಂಡು, ಉಪ್ಪು ಕೇಳಿ ತಂದುಬಿಡುತ್ತಿದ್ದೆ. ನಮ್ಮ ಮನೆಯಲ್ಲಿ ಉಪ್ಪಿಗೆ ಯಾವತ್ತೂ ಬರವಿರಲಿಲ್ಲ.

ಅಪ್ಪ ಅವ್ವ ಭೀಮನಬೀಡಿನಲ್ಲಿ ಬೇಸಾಯ ಮಾಡಿಕೊಂಡಿದ್ದರು. ನಾನು ಮಿಡ್ಲ್ ಸ್ಕೂಲಿಗೆಂದು ಗುಂಡ್ಲುಪೇಟೆಯಲ್ಲಿ ಅವ್ವನ ತಾಯಿಯ ಹತ್ತಿರ ಇದ್ದೆ. ಅಜ್ಜಿ ನನ್ನ ನಾಲಿಗೆಗೆ ಮಾಡದ ಮದ್ದಿಲ್ಲ. ಬಜೆ ತೇದು ಜೇನಿನಲ್ಲಿ ಕಲಸಿ ನೆಕ್ಕಿಸಿದಳು. ದೇವಸ್ಥಾನದ ಗಂಟೆ ಮಗುಚಿ ಅದರಲ್ಲಿ ನೀರು ತುಂಬಿ ಕುಡಿಸಿದಳು. ಬಜೆಯಿಂದ ನಾಲಿಗೆ ಉರಿಯಿತು, ಗಂಟೆ ನೀರಿನಿಂದ ನೆಗಡಿಯಾಯಿತು, ಉಗ್ಗು ಮಾತ್ರ ಇದ್ದಲ್ಲೇ ಇತ್ತು.

ನಮ್ಮ ಶಾಲೆಯಲ್ಲಿ ವರ್ಷಕ್ಕೊಮ್ಮೆ ವೇಷದ ಸ್ಪರ್ಧೆ ನಡೆಯುತ್ತಿತ್ತು. ವೇಷ ಹಾಕಿದರೆ ಸಾಲದು, ವೇದಿಕೆಯ ಮೇಲೆ ನಿಂತು ತಾನು ಯಾರು, ತನ್ನ ಕೆಲಸವೇನು ಎಂದು ಎರಡು ಮಾತು ಹೇಳಬೇಕು. ಶಾಲೆ ಸೇರಿದ ಮೊದಲ ವರ್ಷ ನಾನು ಬೆಣ್ಣೆ ಮಾರುವವನಾಗಿದ್ದೆ. ಆ ವೇಷ ಆರಿಸಿದ ನನ್ನ ಬುದ್ಧಿಗೆ ಏನು ಹೇಳಬೇಕೋ ಈಗಲೂ ತಿಳಿಯದು. ತಲೆಯ ಮೇಲೆ ಮಡಕೆ ಹೊತ್ತು ‘ಬೆ ಬೆ ಬೆ’ ಎನ್ನುತ್ತ ನಿಂತೆ. ಪೆಂಡಾಲು ಪೂರ್ತಿ ನಕ್ಕಿತು. ಮಾರನೆಯ ದಿನದಿಂದ ಶಾಲೆಯಲ್ಲಿ ನಾನು ಮೇಕೆ. ಮರುವರ್ಷ ಸ್ಪರ್ಧೆಯ ದಿನ ಜ್ವರವೆಂದು ಕಂಬಳಿ ಹೊದ್ದು ಮಲಗಿದೆ.

ಐವತ್ತೇಳನೆಯ ಇಸವಿಯಲ್ಲಿ ಹಾಗೆ ಮಲಗಲು ಆಗಲಿಲ್ಲ. ವಿಜ್ಞಾನ ಹೇಳಿಕೊಡಲು ಹೊಸ ಮೇಷ್ಟ್ರು ಬಂದಿದ್ದರು. ನಮ್ಮ ತರಗತಿಯಲ್ಲಿ ಒಬ್ಬನೂ ತಪ್ಪಿಸಿಕೊಳ್ಳುವಂತಿಲ್ಲ ಎಂದರು. ಅವರು ಮೈಸೂರಿನಿಂದ ಬಸ್ಸಿನಲ್ಲಿ ಬರುವ ಪತ್ರಿಕೆಯನ್ನು ತರಗತಿಗೆ ತಂದು ಓದುತ್ತಿದ್ದರು. ಆ ಅಕ್ಟೋಬರಿನಲ್ಲಿ ಒಂದು ದಿನ, ರಷ್ಯಾದವರು ಮನುಷ್ಯ ಮಾಡಿದ ಚಂದ್ರನನ್ನು ಆಕಾಶಕ್ಕೆ ಬಿಟ್ಟಿದ್ದಾರೆ, ಅದು ಚೆಂಡಿನಂತೆ ಗುಂಡಗಿದೆ, ನಾಲ್ಕು ಉದ್ದ ಮೀಸೆಗಳಿವೆ, ಹಗಲೂ ರಾತ್ರಿ ಭೂಮಿಯನ್ನು ಸುತ್ತುತ್ತದೆ ಎಂದು ಓದಿದರು. ಅದು ಮಾತಾಡುತ್ತದೆಯೇ ಎಂದು ಯಾರೋ ಕೇಳಿದರು. ‘ಪೀಪ್, ಪೀಪ್’ ಎನ್ನುತ್ತದೆ, ಅದನ್ನು ಲೋಕವೆಲ್ಲ ಕಿವಿಗೊಟ್ಟು ಕೇಳುತ್ತಿದೆ ಎಂದರು ಮೇಷ್ಟ್ರು.

ನನಗೆ ರೋಮಾಂಚನವಾಯಿತು. ಒಂದೇ ಶಬ್ದ, ಅದರಲ್ಲಿ ‘ಬ’ ಇಲ್ಲ, ಅದನ್ನು ಲೋಕವೆಲ್ಲ ಕೇಳುತ್ತದೆ! ಆ ಸಂಜೆಯೇ ಸ್ಲೇಟಿನ ಮೇಲೆ ‘ನಾನು ಆ ಚಂದ್ರ ಆಗುತ್ತೇನೆ’ ಎಂದು ಬರೆದು ಅವರಿಗೆ ತೋರಿಸಿದೆ. ಅವರಿಗೆ ಬಹಳ ಸಂತೋಷವಾಯಿತು. ಆದರೆ ಬರೀ ಪೀಪ್ ಎಂದರೆ ನಡೆಯುವುದಿಲ್ಲ, ಎಲ್ಲರಂತೆ ಎರಡು ಮಾತು ಹೇಳಲೇಬೇಕು ಎಂದು ನಗುನಗುತ್ತಲೇ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೇಳಿಬಿಟ್ಟರು. ನನಗೆ ಬೇಕಾಗಿದ್ದು ಬಹುಮಾನವಲ್ಲ. ಜನರ ಮುಂದೆ ಆ ಎರಡು ಮಾತನ್ನು ಕೊನೆಯವರೆಗೆ ಹೇಳಿ, ಯಾರೂ ನಗದೆ, ವೇದಿಕೆಯಿಂದ ಇಳಿಯಬೇಕು. ಅಷ್ಟಾದರೆ ಮೇಕೆ ಸಾಯುತ್ತದೆ ಎಂದು ನಂಬಿದ್ದೆ.

ಗುಂಡಗಿನ ಚಂದ್ರನನ್ನು ಮಾಡುವುದು ನಮ್ಮ ಮನೆಯಲ್ಲಿ ಕಷ್ಟವಿರಲಿಲ್ಲ. ಸುಗ್ಗಿಗೆ ಮೊದಲು ನಮ್ಮ ಬೀದಿಯವರೆಲ್ಲ ಹೊಸ ಮೊರ, ಮಂಕರಿಗಳನ್ನು ಅಜ್ಜಿಯ ಹತ್ತಿರ ತರುತ್ತಿದ್ದರು. ಬಿದಿರಿನ ಬುಟ್ಟಿಯ ಸಂದುಗಳಲ್ಲಿ ರಾಗಿ ಸೋರದಂತೆ, ಹಳೆಯ ಕಾಗದವನ್ನು ಮೂರು ದಿನ ನೆನೆಸಿ, ಮೆಂತ್ಯದ ಜೊತೆ ಒರಳಿನಲ್ಲಿ ರುಬ್ಬಿ, ಆ ಹಿಟ್ಟನ್ನು ಒಳಗೂ ಹೊರಗೂ ಬಳಿದು ಒಣಗಿಸಬೇಕು. ಅದರಲ್ಲಿ ಅಜ್ಜಿಯದು ಎತ್ತಿದ ಕೈ. ಬಳಿದದ್ದು ಒಣಗಿತೋ ಇಲ್ಲವೋ ನೋಡಲು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟುತ್ತಿದ್ದಳು. ದನಿ ಗಟ್ಟಿಯಾಗಿ ಬಂದರೆ ಒಣಗಿದೆ ಎಂದರ್ಥ.

ಹಳೆಯ ದೊಡ್ಡ ಮಂಕರಿಗಳೆರಡನ್ನು ಬಾಯಿಗೆ ಬಾಯಿ ಸೇರಿಸಿ ಸೆಣಬಿನ ದಾರದಲ್ಲಿ ಹೊಲಿದೆವು. ಕೆಳಗಿನದರ ತಳ ಕತ್ತರಿಸಿದೆವು, ನಾನು ತೂರಿಕೊಂಡರೆ ಮೊಣಕಾಲಿನಿಂದ ಕೆಳಗೆ ಮಾತ್ರ ಕಾಣುವಂತೆ. ಮೀಸೆಗೆ ಮುರಿದ ಕೊಡೆಯ ಕಡ್ಡಿಗಳು ಸಿಕ್ಕವು. ಇರೋ ಚಂದ್ರ ಸಾಲದು ಅಂತ ಇನ್ನೊಬ್ಬ ಯಾಕೆ ಎಂದು ಅಜ್ಜಿ ಗೊಣಗಿದಳು, ಗೊಣಗುತ್ತಲೇ ಕಾಗದ ನೆನೆಹಾಕಿದಳು. ಮೇಷ್ಟ್ರು ಕೊಟ್ಟ ಹಳೆಯ ಪತ್ರಿಕೆಗಳ ಜೊತೆ ಆ ಚಂದ್ರನ ಸುದ್ದಿ ಇದ್ದ ಹಾಳೆಯೂ ಒರಳಿಗೆ ಬಿತ್ತು.

ಹೊಳಪಿಗೆ ಮಾತ್ರ ಪಾಡು ಪಟ್ಟೆ. ಊಟಿಗೆ ಹೋಗುವ ಬಸ್ಸುಗಳು ನಮ್ಮೂರಲ್ಲಿ ಕಾಫಿಗೆ ನಿಲ್ಲುತ್ತಿದ್ದವು. ಪ್ರಯಾಣಿಕರು ಸಿಗರೇಟು ಸೇದಿ ಎಸೆದ ಖಾಲಿ ಪ್ಯಾಕುಗಳೊಳಗೆ ಬೆಳ್ಳಿಯಂತೆ ಹೊಳೆಯುವ ಬೇಗಡೆ ಕಾಗದ ಇರುತ್ತಿತ್ತು. ಶಾಲೆ ಬಿಟ್ಟೊಡನೆ ಹೋಗಿ ಆರಿಸತೊಡಗಿದೆ. ಕಾಫಿ ಹೋಟೆಲಿನವನು, ನಿಮ್ಮ ಮೊಮ್ಮಗ ಸಿಗರೇಟಿನ ಹಿಂದೆ ಬಿದ್ದಿದ್ದಾನೆ ಎಂದು ಅಜ್ಜಿಗೆ ಚಾಡಿ ಹೇಳಿದ. ಅಜ್ಜಿ ನನ್ನ ಬಾಯಿ ಮೂಸಿ ನೋಡಿ, ಏನು ಮಾಡುತ್ತಿದ್ದೆ ಎಂದು ಪೊರಕೆ ಹಿಡಿದು ಕೇಳಿದಳು. ‘ಬೇಗಡೆ’ ಎನ್ನಬೇಕಿತ್ತು. ‘ಬೇ’ ದಾಟುವುದರೊಳಗೆ ಎರಡೇಟು ಬಿದ್ದಾಗಿತ್ತು. ಜೇಬಿನಿಂದ ಕಾಗದ ಉದುರಿದಾಗ ಅವಳಿಗೆ ಅರ್ಥವಾಯಿತು. ಮಾರನೆಯ ದಿನ ಅವಳೇ ಬಸ್ ಸ್ಟ್ಯಾಂಡಿಗೆ ಬಂದು ಸೆರಗಿನ ತುಂಬ ಪ್ಯಾಕು ಆರಿಸಿದಳು. ಹೋಟೆಲಿನವನು ಕಣ್ಣರಳಿಸಿ ನೋಡುತ್ತಿದ್ದರೆ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಸ್ಪರ್ಧೆಗೆ ನಾಲ್ಕು ದಿನವಿತ್ತು. ನಾನು ಬೆಳಿಗ್ಗೆ ಕೂತು ಮೇಲಿನ ಮಂಕರಿಯಲ್ಲಿ ಕಣ್ಣಿಗೆ ಎರಡು, ಬಾಯಿಗೆ ಒಂದು ತೂತು ಕೊರೆದು ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಚಂದ್ರ ನುಣ್ಣಗೆ ಬಳಿದುಕೊಂಡು ಅಂಗಳದ ಬಿಸಿಲಿನಲ್ಲಿ ಒಣಗಿ ಕೂತಿದ್ದ. ಒಂದೇ ಒಂದು ತೂತಿಲ್ಲ. ನಲವತ್ತು ವರ್ಷದಿಂದ ಬುಟ್ಟಿಯ ಸಂದು ಮುಚ್ಚಿದ ಕೈ, ತೂತು ಕಂಡರೆ ಬಿಟ್ಟೀತೆ?

“ಇಲಿ ಕಡ್ದದೆ ಅಂದ್ಕಂಡು ಮುಚ್ಬುಟ್ಟೆ ಕಣ್ಲಾ,” ಅಂದಳು ಅಜ್ಜಿ, ತಾನು ಮಾಡಿದ ಕೆಲಸ ಮೆಚ್ಚಿಕೊಳ್ಳುತ್ತ. “ಈಗ ಒಂದ್ ಸಾಸಿವೆ ಕಾಳೂ ಸೋರಕಿಲ್ಲ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೈಯಲೂ ನಾಲಿಗೆ ಬೇಕಲ್ಲ. ಅವಳ ಮುಖ ನೋಡಲಾಗದೆ ಆ ಚಂದ್ರನೊಳಗೇ ತೂರಿಕೊಂಡು ಕತ್ತಲಲ್ಲಿ ಕೂತೆ. ಮೆಂತ್ಯದ ಕಹಿ ವಾಸನೆ ಮೂಗಿಗೆ ಹೊಡೆಯಿತು. ಗೆಣ್ಣಿನಿಂದ ಒಳಗೋಡೆಯನ್ನು ಟಕ್ ಟಕ್ ಎಂದು ಗುದ್ದುತ್ತ ಕೂಗಿದೆ.

“ಯಾಕಜ್ಜಿ ಮುಚ್ಬುಟ್ಟೆ? ಬೆಳಗ್ಗಿಂದ ಕೂತು ಕೊರ್ದಿದ್ದೆ ಕಣಜ್ಜಿ. ಈಗ ನಾನ್ ಏನ್ ನೋಡ್ಲಿ, ಹೆಂಗ್ ಮಾತಾಡ್ಲಿ?”

ಕೂಗಿದ ಮೇಲೆ ನಾನೇ ದಂಗಾದೆ. ‘ಬೆಳಗ್ಗಿಂದ’ ಎಂದಿದ್ದೆ. ಒಂದೇ ಸಲ, ಎಲ್ಲೂ ಎಡವದೆ. ಒಳಗೆ ನನ್ನ ದನಿ ಗುಂಯ್‌ಗುಟ್ಟಿ ಯಾರದೋ ದೊಡ್ಡ ಮನುಷ್ಯನ ದನಿಯಂತೆ ನನ್ನ ಕಿವಿಗೇ ಬಿದ್ದಿತ್ತು. ಅಷ್ಟರಲ್ಲಿ ಹೊರಗಿನಿಂದ ಅಜ್ಜಿಯ ದನಿ ತೀರ ಹತ್ತಿರದಿಂದ ಕೇಳಿತು. ಅವಳು ಮಂಕರಿಗೆ ಕಿವಿಯಿಟ್ಟು ಕೂತಿದ್ದಳು.

“ಇನ್ನೊಂದ್ಸಲ ಅನ್ಲಾ ಮಗ.”

ಇನ್ನೊಂದು ಸಲ ಅಂದೆ. ಗೋಡೆ ತಟ್ಟುತ್ತ ಅಂದೆ. ಬೆಲ್ಲ ಅಂದೆ, ಬೆಣ್ಣೆ ಅಂದೆ, ಭೀಮನಬೀಡು ಅಂದೆ. ಆಡದೆ ಉಳಿದಿದ್ದ ‘ಬ’ಗಳನ್ನೆಲ್ಲ ಅವತ್ತು ಆ ಬುಟ್ಟಿಯೊಳಗೆ ಕೂತು ಆಡಿ ಮುಗಿಸಿದೆ. ತಾಳಕ್ಕೆ ಆಡಿದರೆ, ತನ್ನ ದನಿ ಬೇರೆಯಾಗಿ ಕೇಳಿದರೆ ಉಗ್ಗುವವರ ಮಾತು ಸಲೀಸಾಗುವುದುಂಟು ಎಂದು ಡಾಕ್ಟರೊಬ್ಬರು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದರು. ನನಗೂ ಅಜ್ಜಿಗೂ ಅವತ್ತು ಅದೆಲ್ಲ ಎಲ್ಲಿ ಗೊತ್ತು? ಇಷ್ಟು ದಿನ ಬಜೆಯಲ್ಲಿ ಹುಡುಕಿದ್ದು ಮೆಂತ್ಯದಲ್ಲಿತ್ತು ಎಂದುಕೊಂಡಳು ಅವಳು.

ಕಣ್ಣಿಗೆ ಮಾತ್ರ ಕಾದ ಸಲಾಕೆಯಿಂದ ಎರಡು ಸಣ್ಣ ತೂತು ಮಾಡಿದೆವು. ಬಾಯಿಯ ತೂತು ಬೇಡವೆಂದು ಇಬ್ಬರೂ ಒಪ್ಪಿದೆವು. ಹುಣಸೆ ಬೀಜದ ಅಂಟು ಕುದಿಸಿ ಬೇಗಡೆ ಅಂಟಿಸಿದೆವು. ಮೂರು ಸಂಜೆ ನಾನು ಒಳಗೆ ನಿಂತು ಗೋಡೆ ತಟ್ಟುತ್ತ ಎರಡು ಮಾತು ಹೇಳುವುದು, ಅಜ್ಜಿ ಹೊರಗೆ ಅವರೆಕಾಯಿ ಸುಲಿಯುತ್ತ ತಲೆದೂಗುವುದು, ಇದೇ ನಮ್ಮ ಕೆಲಸವಾಯಿತು.

ಸ್ಪರ್ಧೆಯ ಮಧ್ಯಾಹ್ನ ಚಂದ್ರನನ್ನು ಅಜ್ಜಿಯೇ ತಲೆಯ ಮೇಲೆ ಹೊತ್ತು ತಂದಳು. ದೃಷ್ಟಿಯಾಗದಿರಲೆಂದು ಅದರ ಬೆನ್ನಿಗೆ ಒಂದು ಕಾಡಿಗೆ ಬೊಟ್ಟು ಇಟ್ಟಿದ್ದಳು. ಶಾಲೆಯ ಬಯಲಲ್ಲಿ ಬೆಂಚು ಜೋಡಿಸಿ ವೇದಿಕೆ ಮಾಡಿದ್ದರು. ಬಂಡೀಪುರದಿಂದ ಬಂದ ಕಾಡಿನ ಸಾಹೇಬರು ಮುಖ್ಯ ಅತಿಥಿ, ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂತಿದ್ದರು. ನನ್ನ ಮುಂದೆ ಕೊರವಂಜಿ, ಪೊಲೀಸು, ಹೂವಾಡಗಿತ್ತಿ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಹೋದರು. ನಾನು ಹತ್ತಲು ಹೋದಾಗ ಚಂದ್ರ ಧಡ್ಡೆಂದು ನಿಂತ. ಹುಡುಗರು ನುಗ್ಗದಿರಲೆಂದು ಮೆಟ್ಟಿಲಿನ ಆಚೀಚೆ ಬಿದಿರ ಬೊಂಬು ನೆಟ್ಟಿದ್ದರು. ಮನುಷ್ಯರು ಹೋಗುವಷ್ಟೇ ಜಾಗವಿತ್ತು. ನಾವು ಎಲ್ಲವನ್ನೂ ಯೋಚಿಸಿದ್ದೆವು, ಅಗಲವನ್ನಲ್ಲ.

ಪಕ್ಕಕ್ಕೆ ವಾಲಿಸಿದರೂ ಹೋಗಲಿಲ್ಲ. ಮೇಷ್ಟ್ರು ಚಂದ್ರನನ್ನು ಎತ್ತಿ ನನ್ನ ಮೈಯಿಂದ ತೆಗೆದುಬಿಟ್ಟರು. ನೀನು ಹತ್ತಿ ಹೋಗು, ಇದನ್ನು ಮುಂದಿನಿಂದ ಕೊಡುತ್ತೇನೆ ಎಂದು ನನ್ನನ್ನು ಮೇಲಕ್ಕೆ ತಳ್ಳಿದರು. ಚಡ್ಡಿ, ಬನಿಯನ್ನಿನಲ್ಲಿ, ಕೂದಲಿಗೆ ಅಂಟಿದ ಬೇಗಡೆ ಚೂರುಗಳೊಡನೆ ನಾನು ವೇದಿಕೆಯ ನಡುವೆ ನಿಂತೆ. ಚಂದ್ರ ಕೂತವರ ತಲೆಗಳ ಮೇಲೆ ಕೈಯಿಂದ ಕೈಗೆ ತೇಲುತ್ತ ಬಂದು ನನ್ನ ಪಕ್ಕದಲ್ಲಿ ಇಳಿದ. ಅದನ್ನು ನನ್ನ ಮೇಲೆ ಕವುಚಲು ಇಬ್ಬರು ಬೇಕು. ಮೇಷ್ಟ್ರು ಇನ್ನೂ ಕೆಳಗೆ ಜನರ ನಡುವೆ ಸಿಕ್ಕಿಕೊಂಡಿದ್ದರು.

ಸಾಹೇಬರು ಕುರ್ಚಿಯಿಂದ ಮುಂದಕ್ಕೆ ಬಾಗಿ ನೋಡಿದರು. ತಮಾಷೆಗಲ್ಲ, ಆಸಕ್ತಿಯಿಂದಲೇ ಕೇಳಿದರು. “ಏನಪ್ಪ ಇದು? ನೀನು ಯಾರು?”

ಹಿಂದಿನ ಸಾಲಿನಿಂದ ಯಾರೋ ‘ಬೆ ಬೆ’ ಎಂದರು. ಅಲ್ಲಲ್ಲಿ ನಗೆ ಎದ್ದಿತು. ಓಡಿಹೋಗಬೇಕು ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಹೆಂಗಸರ ಸಾಲಿನಲ್ಲಿ ಅಜ್ಜಿ ಅರ್ಧ ಎದ್ದು ನಿಂತಿದ್ದಳು, ಎರಡು ಕೈಯಲ್ಲೂ ಸೆರಗು ಹಿಡಿದು. ಆಧಾರಕ್ಕೆಂದು ನಾನು ಚಂದ್ರನ ಮೇಲೆ ಕೈ ಇಟ್ಟೆ. ಬೆರಳುಗಳು ತಾವಾಗಿ ಮಡಿಚಿಕೊಂಡವು. ಟಕ್. ಟಕ್. ದನಿ ಗಟ್ಟಿಯಾಗಿ ಬಂತು.

“ನಾನು, ಮನುಷ್ಯ ಮಾಡಿದ ಚಂದ್ರ,” ಎಂದೆ. ಟಕ್. “ನಾನು ಭೂ…”

ಬೀಗ ಬಿತ್ತು. ‘ಭೂ’ ಮೂರು ಸಲ ಬಂತು, ನಾಲ್ಕನೆಯ ಸಲ ಅದೂ ಬರಲಿಲ್ಲ. ಕೈ ನಿಂತಿತ್ತು. ಸಾಹೇಬರು ಅವಸರ ಮಾಡಲಿಲ್ಲ, ನನ್ನ ಮಾತಿನ ಕೊನೆ ಕೇಳಲೇಬೇಕು ಎಂಬಂತೆ ಕಾದರು. ಮತ್ತೆ ತಟ್ಟಲು ಶುರು ಮಾಡಿದೆ, ಈ ಸಲ ನಿಧಾನವಾಗಿ.

“ಭೂಮಿಯ ಸುತ್ತ ತಿರುಗುತ್ತೇನೆ. ಎಷ್ಟು ದೂರ ಇದ್ದರೂ ನನ್ನ ದನಿ ಕೇಳುತ್ತದೆ. ಪೀಪ್. ಪೀಪ್.”

ಚಪ್ಪಾಳೆ ಬಿತ್ತೋ ಇಲ್ಲವೋ, ನಿಜವಾಗಿ ನೆನಪಿಲ್ಲ. ಬಹುಮಾನ ಕೊರವಂಜಿಗೆ ಹೋಯಿತು, ಅವಳು ಚೆನ್ನಾಗಿಯೇ ಕಣಿ ಹೇಳಿದ್ದಳು. ಮೇಕೆ ಎಂಬ ಹೆಸರೂ ಅವತ್ತೇ ಸಾಯಲಿಲ್ಲ, ಇನ್ನೂ ಒಂದು ವರ್ಷ ಕುಂಟುತ್ತ ಬದುಕಿತ್ತು. ಆದರೆ ನಾನು ಎರಡು ಮಾತನ್ನು ಕೊನೆಯವರೆಗೆ ಹೇಳಿ ಇಳಿದಿದ್ದೆ, ಅದೂ ಮುಖ ತೆರೆದು. ಮನೆಗೆ ಬರುವಾಗ ಅಜ್ಜಿ ದಾರಿಯುದ್ದಕ್ಕೂ ಆ ಬಿದಿರ ಬೊಂಬು ನೆಟ್ಟವರನ್ನು ಬೈದಳು. ನಡುನಡುವೆ ಸೆರಗಿನಿಂದ ಕಣ್ಣೊರೆಸಿಕೊಂಡು, ಧೂಳು ಎಂದಳು.

ರಾಗಿ ಒಕ್ಕಣೆ ಮುಗಿಯುವ ಹೊತ್ತಿಗೆ ಮಂಕರಿ ಬೇಕಾಯಿತು. ಅಜ್ಜಿ ಹೊಲಿಗೆ ಬಿಚ್ಚಿದಳು. ಮೇಲಿನದಕ್ಕೆ ಅವರೆಕಾಳು ತುಂಬಬೇಕಿತ್ತು. ಮೆಂತ್ಯದ ಹಿಟ್ಟು ರುಬ್ಬಿಕೊಂಡು ಕೂತವಳು ಕಣ್ಣಿನ ತೂತುಗಳ ಮುಂದೆ ಕೈ ತಡೆದಳು. ಈ ಸಲ ಕೇಳದೆ ಮುಚ್ಚಲಿಲ್ಲ.

“ಮುಚ್ಚನಾ, ಇಲ್ಲ ನಿಂಗೆ ಇನ್ನೂ ಬೇಕಾ ಮಗ?”

ನಾನು ಯೋಚಿಸಿದೆ. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು, ಅಷ್ಟು ವರ್ಷ ಹಾಗೇ ಮಾಡಿದ್ದೆ. ಅವತ್ತು ಬಾಯಲ್ಲೇ ಹೇಳಬೇಕು ಅನ್ನಿಸಿತು.

“ಬ… ಬ… ಬ್ಯಾಡ ಕಣಜ್ಜಿ. ಮುಚ್ಚು.”

ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ಅವಳು ನನ್ನ ಮಾತು ಮುಗಿಯುವ ತನಕ ಕಾದಳು. ಆಮೇಲೆ ಮುಚ್ಚಿದಳು.