ಎಡಿಲೂಸ್ ತಮ್ಮನಿಗೆ ಉಣಿಸಿದ್ದು

ಮರಕೈಬೋ ಸರೋವರದ ದಂಡೆಯ ಆ ಊರಿನಲ್ಲಿ ಕಾಯಿಲೆಯ ಹೆಸರನ್ನು ಯಾರೂ ಹೇಳುವುದಿಲ್ಲ. ‘ಕೇಡು’ ಎನ್ನುತ್ತಾರೆ, ಅಷ್ಟೆ. ಎಡಿಲೂಸ್‌ಳ ತಾಯಿಗೆ ಅದು ಬಂದಿತ್ತು. ಈಗ ತಮ್ಮ ನೆರಿಯೊಗೆ ಬಂದಿದೆ. ಕೈಕಾಲು ತಮ್ಮಷ್ಟಕ್ಕೆ ತಾವೇ ಕುಣಿಯುತ್ತವೆ, ನಾಲಿಗೆ ತೊದಲುತ್ತದೆ, ಎಷ್ಟು ತಿಂದರೂ ಮೈ ಕರಗುತ್ತದೆ.

ಮಂಚದ ಮೇಲೆ ಮಲಗಿಸಿದರೆ ಕೇಡು ಹಿಡಿದವರು ಉರುಳಿ ಬೀಳುತ್ತಾರೆ. ಅದಕ್ಕೇ ಅಲ್ಲಿ ಎಲ್ಲ ಮನೆಗಳಲ್ಲೂ ಅವರಿಗೆ ಜೋಲಿ ಕಟ್ಟುತ್ತಾರೆ, ಊಟವೂ ಅದರಲ್ಲೇ. ಏಡಿಯ ಚಿಪ್ಪು ಬಿಡಿಸುವ ಕೆಲಸದಿಂದ ಮಧ್ಯಾಹ್ನ ಮನೆಗೆ ಓಡಿಬಂದು, ಎಡಿಲೂಸ್ ಆರು ವರ್ಷ ತಾಯಿಗೆ ಹಾಗೆಯೇ ಬಾಳೆಕಾಯಿ ಗಂಜಿ ಉಣಿಸಿದ್ದಳು. ಬಾಯಿ ಮುಚ್ಚಿಕೊಂಡರೆ ಕೆನ್ನೆ ಒತ್ತಿ ತೆರೆಸುತ್ತಿದ್ದಳು.

ನೆರಿಯೊನ ಕೆಮ್ಮು ನೋಡಲು ಬಂದ ನರ್ಸ್ ಮೈಗುವಾಲಿದಾ, ಮಲಗಿಸಿ ಉಣಿಸಿದರೆ ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದಳು. ತಾಯಿ ಹೋದದ್ದು ನ್ಯುಮೋನಿಯಾದಿಂದ. ಅದೂ ಹೀಗೇ ಆಗಿದ್ದಿರಬಹುದೇ ಎಂದು ಎಡಿಲೂಸ್ ಕೇಳಿದಳು. ನರ್ಸ್ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು.

ಆಮೇಲೆ ಇನ್ನೊಂದು ಮಾತು ಹೇಳಿದಳು. ಊಟ ನೇರ ಒಳಗೆ ಹೋಗುವಂತೆ ಹೊಟ್ಟೆಗೆ ತೂತು ಕೊರೆದು ನಳಿಕೆ ಹಾಕಿಸುವುದಾದರೆ ಗುರುವಾರದ ವ್ಯಾನಿನಲ್ಲಿ ಪಟ್ಟಣಕ್ಕೆ ಕಳಿಸಬೇಕು. ತಡವಾದರೆ ಅವನ ಮೈ ಆ ಶಸ್ತ್ರಚಿಕಿತ್ಸೆಯನ್ನು ತಡೆಯದು.

ಮಾತು ಸ್ಪಷ್ಟವಿದ್ದ ಕಾಲದಲ್ಲಿ ನೆರಿಯೊ ಹೇಳಿದ್ದ: “ನಂಗೆ ತೂತು ಕೊರೆಸ್ಬೇಡ ಅಕ್ಕ. ನಾನೇನು ಹಳೇ ದೋಣೀನಾ?” ಆಗ ಇಬ್ಬರೂ ನಕ್ಕಿದ್ದರು.

ನರ್ಸ್ ತೋರಿಸಿದಂತೆ ಎಡಿಲೂಸ್ ನೆಲದ ಮೇಲೆ ಗೋಡೆಗೆ ಒರಗಿ ಕೂತು, ತಮ್ಮನ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡಳು. ಅವನ ಮೊಣಕೈ ಹಾರಿ ಅವಳ ಗಲ್ಲಕ್ಕೆ ಬಡಿಯಿತು.

“ಹೊಡಿ, ಹೊಡಿ. ಚಿಕ್ಕಂದಿನ ಸೇಡೆಲ್ಲ ಈಗ್ಲೇ ತೀರಿಸ್ಕೊ” ಎಂದಳು. ಅವನ ಗಂಟಲಲ್ಲಿ ನಗುವಿನಂಥದೊಂದು ಸದ್ದಾಯಿತು.

ನಾಲ್ಕು ಚಮಚ ಕೆಮ್ಮಿಲ್ಲದೆ ಇಳಿದವು. ಐದನೆಯದಕ್ಕೆ ಅವನು ಹಲ್ಲು ಕಚ್ಚಿಕೊಂಡ. ಅವಳ ಬೆರಳು ಅಭ್ಯಾಸದಿಂದ ಅವನ ಕೆನ್ನೆಯವರೆಗೆ ಹೋಗಿ ನಿಂತಿತು.

“ಆವತ್ತು ತೂತು ಬೇಡ ಅಂದಿದ್ದೆ. ಈಗ್ಲೂ ಅದೇನಾ?”

ಅವನ ನಾಲಿಗೆ ತಡವರಿಸಿತು. “ಅ... ದೇ.”

ಗುರುವಾರದ ವ್ಯಾನ್ ಈ ಮನೆ ಮುಂದೆ ನಿಲ್ಲುವುದು ಬೇಡ ಎಂದು ಎಡಿಲೂಸ್ ನರ್ಸ್‌ಗೆ ಹೇಳಿದಳು. ನಳಿಕೆಯಿಲ್ಲದಿದ್ದರೆ ಮುಂದೇನಾಗುತ್ತದೆಂದು ತಿಳಿದಿದೆಯೇ ಎಂದು ನರ್ಸ್ ಮೆಲ್ಲಗೆ ಕೇಳಿದಳು.

“ಗೊತ್ತು ಸಿಸ್ಟರ್. ಅವನಿಗೂ ಗೊತ್ತು.”

ಉಳಿದ ಗಂಜಿಯನ್ನು ಅವನ ಕಾಲಿಗೆ ಎಟುಕದಷ್ಟು ದೂರ ಸರಿಸಿ, ಅವನನ್ನು ಹಾಗೇ ಹಿಡಿದುಕೊಂಡು ಕೂತಳು.