ಮಂಚಮ್ಮ ಹುಳ ಆರಿಸದ ಏಳು ದಿನ

ಆತಗೂರು ಹೋಬಳಿಯ ಆ ಊರಿನಲ್ಲಿ ರೇಷ್ಮೆ ಹುಳ ಸಾಕುವ ಮನೆ ನಲವತ್ತಿದ್ದರೂ ಹುಳಕ್ಕೆ ಕಾಯಿಲೆ ಬಂದಿದೆಯೋ ಇಲ್ಲವೋ ಎಂದು ಹೇಳಬಲ್ಲ ಕಣ್ಣು ಒಂದೇ ಇತ್ತು. ಅದು ಮಂಚಮ್ಮನದು. ವಯಸ್ಸು ಅರವತ್ತರ ಹತ್ತಿರ, ಓದಿದ್ದು ಎರಡನೇ ತರಗತಿ, ಮಾತು ಕಲ್ಲೆಸೆದ ಹಾಗೆ. ತಟ್ಟೆಯ ಮುಂದೆ ನಿಂತು ಒಮ್ಮೆ ಕಣ್ಣಾಡಿಸಿದರೆ ಸಾಕು, ನೂರಾರು ಹುಳದ ನಡುವಿನಿಂದ ಒಂದನ್ನು ಎತ್ತಿ, “ಇದು ನಾಳಿದ್ದಿಗೆ ಓಯ್ತದೆ” ಎನ್ನುತ್ತಿದ್ದಳು. ನೋಡುವವರಿಗೆ ಆ ಹುಳಕ್ಕೂ ಪಕ್ಕದ ಹುಳಕ್ಕೂ ಕೂದಲಷ್ಟೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಅನುಮಾನದವರು ಅದನ್ನು ಬೇರೆ ಇಟ್ಟು ನೋಡಿದ್ದೂ ಉಂಟು. ಹೇಳಿದ ದಿನಕ್ಕೆ ಸರಿಯಾಗಿ ಅದರ ಚರ್ಮ ಉಬ್ಬಿ, ಒಡೆದು, ಹಾಲಿನಂಥ ನೀರು ಸುರಿಸಿ ಸತ್ತಿರುತ್ತಿತ್ತು. ಆಮೇಲೆ ಯಾರೂ ಅವಳನ್ನು ಪರೀಕ್ಷೆ ಮಾಡುವ ಗೋಜಿಗೆ ಹೋಗಲಿಲ್ಲ.

ಈ ಕಾಯಿಲೆಗೆ ಹಾಲುತೊಂಡೆ ಎಂದು ಹೆಸರು. ಬೇಸಿಗೆಯ ಬೆಳೆಗೆ ಅದು ಕರೆಯದೆಯೇ ಬರುತ್ತದೆ. ಒಂದು ಹುಳ ಸುರಿಸಿದ ಹಾಲು ತಾಗಿದ ಸೊಪ್ಪನ್ನು ಹತ್ತು ಹುಳ ತಿಂದರೆ ಹತ್ತಕ್ಕೂ ಅಂಟುತ್ತದೆ, ಆ ಹತ್ತು ನೂರಕ್ಕೆ ಅಂಟಿಸುತ್ತವೆ. ಊರವರ ಕೈಯಲ್ಲಿ ಇದಕ್ಕೆ ಔಷಧಿ ಇರಲಿಲ್ಲ. ಕಾಯಿಲೆ ಬಿದ್ದದ್ದನ್ನು ಒಡೆಯುವ ಮುಂಚೆಯೇ ಗುರುತು ಹಿಡಿದು, ಆರಿಸಿ, ಸುಣ್ಣದ ಗುಂಡಿಗೆ ಹಾಕಬೇಕು, ಅಷ್ಟೇ.

ಮಂಚಮ್ಮನಿಗೆ ಈ ಕಣ್ಣು ಇದೆಯೆಂದು ಗೊತ್ತಾದದ್ದು ಅವಳ ಹನ್ನೆರಡನೇ ವಯಸ್ಸಿನಲ್ಲಿ, ಹೊನ್ನಯ್ಯನವರ ಮನೆಗೆ ಸೊಪ್ಪು ಹೊರುವ ಕೂಲಿಗೆ ಹೋದಾಗ. ಆ ಮನೆಯ ಅಡುಗೆಕೋಣೆ ಇರಲಿ, ಜಗಲಿಯ ಮೇಲೂ ಅವಳ ಕೇರಿಯವರು ಕಾಲಿಡುವಂತಿರಲಿಲ್ಲ. ಕುಡಿಯುವ ನೀರನ್ನು ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ಒಂದು ದಿನ ಹುಳದ ಮನೆಯ ಬಾಗಿಲಲ್ಲಿ ಸೊಪ್ಪಿನ ಹೊರೆ ಇಳಿಸುತ್ತಿದ್ದ ಹುಡುಗಿ ಒಳಗೆ ಇಣುಕಿ, “ಅಮ್ಮಾರೇ, ಮೂರ್ನೇ ತಟ್ಟೇಲಿ ನಾಕು ಉಳ ಸರಿಯಾಗಿಲ್ಲ” ಎಂದಳು. ಹೊನ್ನಯ್ಯನವರ ಹೆಂಡತಿ ಇಂದ್ರಮ್ಮ ಗದರಿ ಕಳಿಸಿದರು. ಎರಡು ದಿನಕ್ಕೆ ಆ ನಾಲ್ಕೂ ಒಡೆದವು. ಆ ವಾರದಿಂದ ಹುಳದ ಮನೆಯ ಬಾಗಿಲು ಅವಳಿಗೆ ತೆರೆಯಿತು. ಅಡುಗೆಕೋಣೆಯದ್ದು ಇಂದ್ರಮ್ಮ ಬದುಕಿರುವವರೆಗೂ ತೆರೆಯಲಿಲ್ಲ. ಅಷ್ಟೊಂದು ಮಡಿ ಬೇಡುವ ಹುಳವೇ ಅವಳ ಕೈಯನ್ನು ಒಪ್ಪಿಕೊಂಡಿತ್ತು, ರಾಗಿಮುದ್ದೆ ತಿನ್ನುವ ಮನುಷ್ಯರಿಗೆ ಆಗಲಿಲ್ಲ. ಇದು ಯಾವ ಶಾಸ್ತ್ರದ ನ್ಯಾಯವೋ ಆ ಶಾಸ್ತ್ರ ಬರೆದವರನ್ನೇ ಕೇಳಬೇಕು.

ಮದುವೆಯಾದ ಮೇಲೆ ಗಂಡ ಮರಿಸಿದ್ದಯ್ಯನ ಅರ್ಧ ಎಕರೆಗೆ ಹಿಪ್ಪುನೇರಳೆ ಹಾಕಿಸಿ ತನ್ನದೇ ಹುಳದ ಮನೆ ಕಟ್ಟಿಸಿಕೊಂಡಳು. ಅಲ್ಲಿ ಅವಳದೇ ಕಾನೂನು. ಚಪ್ಪಲಿ ಹೊರಗೆ. ಬಾಗಿಲಲ್ಲಿ ಹರಡಿದ ಸುಣ್ಣ ತುಳಿದೇ ಒಳಗೆ ಬರಬೇಕು. ಒಗ್ಗರಣೆ ಹಾಕಿ ಬಂದವರು ಸೀರೆ ಬದಲಾಯಿಸಬೇಕು. ಮರಿಸಿದ್ದಯ್ಯ ಮೂವತ್ತು ವರ್ಷದ ಬೀಡಿ ಬಿಟ್ಟದ್ದು ಯಾವ ಡಾಕ್ಟರರ ಮಾತಿಗೂ ಅಲ್ಲ. “ಬೀಡಿ ನಾತ ಒಡೀತಾ ಇದ್ರೆ ಇತ್ಲಾಗೆ ಬರ್‍ಬ್ಯಾಡ, ಉಳಕ್ಕಾಗಲ್ಲ” ಎಂದು ಹೆಂಡತಿ ಬಾಗಿಲಲ್ಲೇ ತಡೆದದ್ದಕ್ಕೆ.

ಹೋದ ಬೇಸಿಗೆಯಲ್ಲಿ ಈ ಕಾನೂನಿನ ಮನೆಗೆ ನಯನ ಬಂದಳು. ನಿಡಘಟ್ಟದವಳು, ಮೈಸೂರಿನ ಒಂದು ಸಂಶೋಧನಾಲಯದಲ್ಲಿ ಐದು ವರ್ಷದಿಂದ ಹಾಲುತೊಂಡೆಯ ಬೆನ್ನು ಹತ್ತಿದ್ದಳು. ಲ್ಯಾಬಿನಲ್ಲಿ ಅವಳ ಔಷಧಿ ಕೆಲಸ ಮಾಡಿತ್ತು. ರೈತರ ಮನೆಯ ಸೆಕೆಯಲ್ಲಿ, ರೈತರ ಸೊಪ್ಪಿನಲ್ಲಿ ಮಾಡುತ್ತದೆಯೇ ಎಂದು ನೋಡಬೇಕಿತ್ತು. ಮಂಚಮ್ಮ ತನ್ನ ಬೆಳೆಯಿಂದ ದೂರವಿದ್ದ ಹಳೆಯ ಕೊಟ್ಟಿಗೆಯನ್ನು ತೊಳೆದು ಸುಣ್ಣ ಬಳಿದು ಬಿಟ್ಟುಕೊಟ್ಟಳು. ಅಲ್ಲಿ ಕೆಂಪು ಚೀಟಿ ಅಂಟಿಸಿದ ತಟ್ಟೆಗಳಲ್ಲಿ ಸಾವಿರ ಹುಳ, ಹಳದಿ ಚೀಟಿಯವುಗಳಲ್ಲಿ ಸಾವಿರ. ಒಂದು ಬಣ್ಣದವಕ್ಕೆ ಔಷಧಿ ಸವರಿದ ಸೊಪ್ಪು, ಇನ್ನೊಂದಕ್ಕೆ ಬರೀ ನೀರು ಸವರಿದ್ದು. ಯಾವುದಕ್ಕೆ ಯಾವುದೆಂದು ನಯನಳಿಗೂ ಗೊತ್ತಿರಲಿಲ್ಲ. ಆ ಗುಟ್ಟು ಅವಳ ಪ್ರೊಫೆಸರರ ಮೇಜಿನಲ್ಲಿ ಮೊಹರು ಹಾಕಿದ ಲಕೋಟೆಯಲ್ಲಿತ್ತು.

ನಯನ ದಿನಾ ಬಸ್ಸಿನಲ್ಲಿ ಬಂದು, ತಟ್ಟೆಯಲ್ಲಿ ಸತ್ತು ಬಿದ್ದದ್ದನ್ನಷ್ಟೇ ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಬೆಳೆ ಮುಗಿದಾಗ ಕೆಂಪಿನಲ್ಲಿ ಸತ್ತದ್ದು ಮೂವತ್ತೊಂದು, ಹಳದಿಯಲ್ಲಿ ಮೂವತ್ತನಾಲ್ಕು. ಎರಡೂ ಒಂದೇ ಎಂದಂತಾಯಿತು. ಪ್ರೊಫೆಸರರು ಫೋನಿನಲ್ಲಿ, ಇಷ್ಟಕ್ಕೆ ಈ ಕೆಲಸ ನಿಲ್ಲಿಸೋಣ ಎಂದುಬಿಟ್ಟರು. ನಯನ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಬಾಡಿದ ಮುಖದಲ್ಲಿ ಎತ್ತಲೋ ನೋಡುತ್ತಿದ್ದಳು. ಮಂಚಮ್ಮ ಮಜ್ಜಿಗೆ ತಂದು ಕೊಟ್ಟು ಸಮಾಧಾನ ಹೇಳಿದಳು.

“ಯಾಕವ್ವ ಮೊಕ ಇಳಿಬುಟ್ಕಂಡಿದ್ದೀಯೆ? ಬೇಸ್ಗೇಲಿ ಸಾವ್ರಕ್ಕೆ ಮೂವತ್ತು ಅಂದ್ರೆ ಏನೂ ಅಲ್ಲ. ನಾನು ದಿನಾ ಎದ್ದೇಟ್ಗೆ ಬಂದು ಆರುಸ್ದೆ ಇದ್ದಿದ್ರೆ ನೋಡ್ಬೇಕಾಗಿತ್ತು ನೀನು.”

ನಯನಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. “ಏನು ಆರಿಸಿದ್ರಿ ಅಮ್ಮ?”

“ಕಾಯ್ಲೆ ಉಳ ಕಣವ್ವ. ಇನ್ನೇನು ಕಲ್ಲಾ? ನೀನು ಬಸ್ಸಿಳ್ದು ಬರೋಗಂಟ ಅವನ್ನ ಮಡಿಕ್ಕಂಡಿರಕಾದದಾ? ಎಲ್ಲಾನೂ ಸುಣ್ಣಕ್ಕಾಕ್ದೆ.”

“ಎಷ್ಟು? ಯಾವ ಕಡೆಯಿಂದ ಎಷ್ಟು?”

“ಯಾರು ಎಣಿಸ್ದೋರು? ಕೆಂಪಿನ ಕಡೆ ಬೊಗ್ಸೆ, ಅಳ್ದಿ ಕಡೆ ಬುಟ್ಟಿ.”

ಸಾಯಬೇಕಾದ ಹುಳವನ್ನೆಲ್ಲ ಈಕೆ ಸಾಯುವ ಮೊದಲೇ ಎತ್ತಿಹಾಕಿದ್ದಳು. ನಯನ ಎಣಿಸಿದ್ದು ಔಷಧಿಯ ಗುಣವನ್ನಲ್ಲ, ಮಂಚಮ್ಮನ ಕಣ್ಣಿನ ಗುಣವನ್ನು. ಬೇರೆ ಯಾರ ಮನೆಯಲ್ಲಾಗಿದ್ದರೂ ಹೀಗಾಗುತ್ತಿರಲಿಲ್ಲ. ಸೋಮಾರಿಯ ಮನೆಯಲ್ಲಿ ಪ್ರಯೋಗ ಗೆದ್ದಿರುತ್ತಿತ್ತು. ವಿಷಯ ತಿಳಿದ ಮಂಚಮ್ಮ ಹೋಗಿ ಸುಣ್ಣದ ಗುಂಡಿಯನ್ನು ಇಣುಕಿ ನೋಡಿದಳು. ಆ ಹುಡುಗಿಯ ಐದು ವರ್ಷವನ್ನೂ ಹುಳದ ಜೊತೆಗೇ ಸುಣ್ಣಕ್ಕೆ ಹಾಕಿಬಿಟ್ಟೆನಲ್ಲ ಎಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಬೊಗಸೆ ಮತ್ತು ಬುಟ್ಟಿಯ ಮಾತನ್ನು ಪ್ರೊಫೆಸರರು ಲೆಕ್ಕವೆಂದು ಒಪ್ಪಲಿಲ್ಲ, ಆದರೆ ಒಂದು ಬೆಳೆ ಹೆಚ್ಚಿಗೆ ಕೊಟ್ಟರು. ಒಂದೇ ಒಂದು. ಇದೂ ಕೈಕೊಟ್ಟರೆ ನಯನಳ ಕೆಲಸ ಅಲ್ಲಿಗೆ ಮುಗಿದ ಹಾಗೆ. ಬಣ್ಣದ ಚೀಟಿ ಈ ಸಲ ಅದಲುಬದಲಾಗಿರಲೂಬಹುದು, ಆಗಿಲ್ಲದಿರಲೂಬಹುದು, ಲಕೋಟೆ ಹೊಸದು. ಮಂಚಮ್ಮನಿಗೆ ಇದ್ದದ್ದು ಒಂದೇ ಷರತ್ತು, ಹುಳವನ್ನು ಆರಿಸಬಾರದು.

“ಸಾಯೋದ ನೋಡ್ಕಂಡು ಕೂತ್ಕಬೇಕಾ? ಯಾಕೆ ಅಂತಾರ ಏಳು. ಅದೇನ್ ಔಸ್ದಿ ಅದು?” ಎಂದಳು ಮಂಚಮ್ಮ.

ಯಾರೂ ಅವಳಿಗೆ ಅದನ್ನು ಹೇಳಿಯೇ ಇರಲಿಲ್ಲ. ನಯನ ನಾಚಿಕೊಂಡು, ನೆಲದ ಮೇಲೆ ಕೂತು ಹೇಳತೊಡಗಿದಳು. “ಹಾಲುತೊಂಡೆಯ ವೈರಸ್ಸು ಹುಳದ ಮೈಯೊಳಗೆ ಹೋಗಿ ಸುಮ್ನೆ ಕೂರಲ್ಲ ಅಮ್ಮ. ‘ನನ್ನಂಥದ್ದನ್ನೇ ಇನ್ನಷ್ಟು ಮಾಡಿ’ ಅಂತ ಚೀಟಿ ಬರೆದು ಹಂಚುತ್ತೆ. ಹುಳದ ಮೈ ಅದನ್ನ ತನ್ನದೇ ಚೀಟಿ ಅಂತ ನಂಬಿ ದುಡಿಯುತ್ತೆ.”

“ಥೂ, ಕಳ್ ನನ್ ಮಗಂದು.”

“ನಾವು ಆ ಚೀಟಿಯ ಒಂದು ಸಾಲನ್ನ ಮಾತ್ರ ಲ್ಯಾಬಲ್ಲಿ ಮಾಡ್ತೀವಿ. ಆರ್‌ಎನ್‌ಎ ಅಂತಾರೆ, ಎರಡೆಳೆ ನೂಲಿನ ಥರ. ಅದನ್ನ ಸೊಪ್ಪಿಗೆ ಸವರಿ ತಿನ್ನಿಸ್ತೀವಿ. ಹುಳದ ಮೈಯಲ್ಲಿ ಒಂದು ಕತ್ತರಿ ಇದೆ. ನಾವಿಟ್ಟಿದ್ದಲ್ಲ, ಹುಟ್ಟುತ್ತಲೇ ಬಂದದ್ದು. ಅದು ಈ ನೂಲನ್ನ ಇಪ್ಪತ್ತು, ಇಪ್ಪತ್ತೊಂದು ಅಕ್ಷರದ ಚೂರು ಮಾಡುತ್ತೆ. ಒಂದೊಂದು ಚೂರೂ ತನಗೆ ಹೊಂದೋ ಚೀಟೀನ ಹುಡುಕ್ಕೊಂಡು ಹೋಗಿ, ಹಿಡಿದು, ತುಂಡು ಮಾಡಿಸುತ್ತೆ. ಚೀಟಿ ಇಲ್ಲದ ಮೇಲೆ ವೈರಸ್ಸಿನ ಕೆಲಸ ಯಾರು ಮಾಡ್ತಾರೆ?”

ಮಂಚಮ್ಮ, “ಆ ಚೂರು ತೆಪ್ಪಾಗಿ ಉಳದ್ದೇ ಚೀಟೀನ ಅರ್ದಾಕ್ಬುಟ್ರೆ?” ಎಂದಳು.

ನಯನ ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದಳು. ಪಿಎಚ್‌ಡಿಗೆ ಸೇರಿದ ವರ್ಷ ಪ್ರೊಫೆಸರರು ಕೇಳಿದ್ದ ಮೊದಲ ಪ್ರಶ್ನೆ ಇದು. ಹುಳದ ಸ್ವಂತ ಚೀಟಿಗಳಲ್ಲಿ ಎಲ್ಲೂ ಇಲ್ಲದ ಸಾಲೊಂದನ್ನು ಹುಡುಕಲು ಅವಳಿಗೆ ವರ್ಷವೇ ಹಿಡಿದಿತ್ತು. ಅದನ್ನೇ ಹೇಳಿದಳು.

“ಮನ್ಸರೊಳ್ಗೂ ಅದಾ ಆ ಕತ್ರಿ?”

“ಇದೆ ಅಮ್ಮ. ನಿಮ್ಮಲ್ಲೂ ನನ್ನಲ್ಲೂ. ಕೆಲವು ಕಾಯಿಲೆಗೆ ಇದೇ ದಾರಿಯ ಇಂಜೆಕ್ಷನ್ನೂ ಬಂದಿದೆ, ಮನುಷ್ಯರಿಗೆ.”

ಮಂಚಮ್ಮ ತನ್ನ ಮುಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅರವತ್ತು ವರ್ಷ ಈ ಮೈಯನ್ನು ಹೊತ್ತು ತಿರುಗಿದ್ದಾಳೆ, ಸೊಪ್ಪು ಹೊರಿಸಿದ್ದಾಳೆ, ಬಿಸಿಲಿಗೆ ಒಡ್ಡಿದ್ದಾಳೆ. ಅದರೊಳಗೆ ಒಬ್ಬ ಕತ್ತರಿ ಹಿಡಿದು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತ ಕೂತಿದ್ದಾನೆಂದು ಒಂದು ದಿನವೂ ಯಾರೂ ಹೇಳಿರಲಿಲ್ಲ. ತಾನು ಎರಡನೇ ತರಗತಿಗೆ ಬಿಟ್ಟೆ, ತನ್ನ ಮೈ ಇಷ್ಟೆಲ್ಲ ಓದಿಕೊಂಡಿದೆಯೇ? “ಆಯ್ತು, ಕೈಯಿಕ್ಕಕಿಲ್ಲ ಬುಡು” ಎಂದಳು.

ಹೇಳಿದಷ್ಟು ಸುಲಭವಾಗಿರಲಿಲ್ಲ. ರೇಷ್ಮೆ ಹುಳ ಪೊರೆ ಬಿಡಲು ತಿನ್ನದೆ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಬಿಟ್ಟು ಎದ್ದ ಮೇಲೆ ಏಳು ದಿನ ಹುಳ ಬಕಾಸುರನ ಹಾಗೆ ತಿನ್ನುತ್ತದೆ, ಹಾಲುತೊಂಡೆಯೂ ಆಗಲೇ ಬಾಯಿ ಬಿಡುತ್ತದೆ. ನಯನ ಒಂದು ಬಾಟಲಿ ಶಾಯಿ, ಒಂದು ಸಣ್ಣ ಕುಂಚ ಕೊಟ್ಟಿದ್ದಳು. ಸಾಯುತ್ತದೆ ಎಂದು ಕಂಡ ಹುಳಕ್ಕೆ ಬೆನ್ನ ಮೇಲೊಂದು ಚುಕ್ಕೆ ಇಡಬೇಕು, ಎತ್ತಬಾರದು. ಮೊದಲ ದಿನ ಮಂಚಮ್ಮ ಎರಡೂ ಕಡೆ ಸೇರಿ ಹದಿನೆಂಟು ಚುಕ್ಕೆ ಇಟ್ಟಳು. ಮೂರನೇ ದಿನಕ್ಕೆ ಕೆಂಪಿನ ತಟ್ಟೆಗಳಲ್ಲಿ ಹುಳ ಒಡೆಯತೊಡಗಿದವು. ಸೊಪ್ಪಿನ ಮೇಲೆಲ್ಲ ಹಾಲು, ಕೆಟ್ಟ ವಾಸನೆ. ಪಕ್ಕದ ಮನೆಯ ಚಿಕ್ಕಮಾದಮ್ಮ ಬಾಗಿಲಿನ ಪರದೆಯಾಚೆಯಿಂದ ಇಣುಕಿ ನೋಡಿ, ಮಂಚಮ್ಮನ ಕಣ್ಣು ಹೋಯಿತು ಎಂದು ಊರೆಲ್ಲ ಹೇಳಿಕೊಂಡು ಬಂದಳು. ಆ ಮಾತು ಮಂಚಮ್ಮನ ಕಿವಿಗೂ ಬಿತ್ತು. ಎಷ್ಟು ನೋವಾಯಿತೆಂದರೆ, ಬಾಯಿಜೋರಿನ ಅವಳು ತಿರುಗಿ ಒಂದು ಮಾತೂ ಬೈಯಲಿಲ್ಲ.

ನಾಲ್ಕನೇ ದಿನ ಮರಿಸಿದ್ದಯ್ಯನಿಗೇ ತಡೆಯಲಾಗಲಿಲ್ಲ. “ತಗ್ದಾಕಮ್ಮಿ ಅತ್ಲಾಗೆ. ಆ ಮಗೀಗೇನ್ ಗೊತ್ತಾದದು?” ಎಂದು ಹೇಳಿ ಹೊಲಕ್ಕೆ ಹೋದ.

ಕೊಟ್ಟಿಗೆಯಲ್ಲಿ ಮಂಚಮ್ಮ ಒಬ್ಬಳೇ ಇದ್ದಳು. ಹಳದಿಯ ತಟ್ಟೆಯೊಂದರ ಅಂಚಿನ ಮೇಲೆ ಹುಳವೊಂದು ನಿಲ್ಲದೆ ಹರಿಯುತ್ತಿತ್ತು. ಹಾಲುತೊಂಡೆ ಹಿಡಿದ ಹುಳ ಸೊಪ್ಪು ಬಿಟ್ಟು ಹಾಗೆಯೇ ಅಂಚು ಸುತ್ತುತ್ತದೆ. ಅವಳ ಕೈ ಅವಳನ್ನು ಕೇಳದೆಯೇ ಹೋಗಿ ಅದನ್ನು ಎತ್ತಿತು. ನಲವತ್ತೆಂಟು ವರ್ಷದ ಕೈ ಅದು. ಬೆರಳ ನಡುವೆ ಹುಳ ಇದ್ದಾಗಲೇ ಅವಳಿಗೆ ಪುಸ್ತಕ ತೊಡೆಯ ಮೇಲಿಟ್ಟು ಕೂತಿದ್ದ ನಯನಳ ಮುಖ ಕಂಡಿತು. ಒಂದು ಹುಳ ಕಡಿಮೆಯಾದರೂ ಲೆಕ್ಕ ಸುಳ್ಳಾಗುತ್ತದೆ, ಆ ಸುಳ್ಳು ತನಗೆ ಮಾತ್ರ ಗೊತ್ತಿರುತ್ತದೆ. ಹುಳವನ್ನು ಎತ್ತಿದ ಜಾಗಕ್ಕೇ ಇಟ್ಟು, ಬೆನ್ನಿಗೆ ಚುಕ್ಕೆ ಹಾಕಿ, ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದು ಅತ್ತಳು.

ಐದನೇ ದಿನದಿಂದ ಅವಳಿಗೆ ಏನೋ ವಿಚಿತ್ರ ಕಾಣತೊಡಗಿತು. ಕೆಂಪಿನಲ್ಲಿ ಚುಕ್ಕೆಯಿಟ್ಟದ್ದು ಹೇಳಿದ ದಿನಕ್ಕೆ ಸಾಯುತ್ತಿತ್ತು. ಹಳದಿಯಲ್ಲಿ ಚುಕ್ಕೆಯ ಹುಳ ಕೆಲವು ಅಂಚು ಬಿಟ್ಟು ಇಳಿದು ಮತ್ತೆ ಸೊಪ್ಪಿಗೆ ಬಾಯಿ ಹಾಕಿದ್ದವು. ಹೀಗೆ ತಿರುಗಿ ಬಂದ ಹುಳವನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮಧ್ಯಾಹ್ನ ಊಟಕ್ಕೂ ಏಳದೆ ಆ ತಟ್ಟೆಯ ಮುಂದೆ ನಿಂತೇ ಇದ್ದಳು.

ಎಂಟನೇ ದಿನ ಬೆಳಿಗ್ಗೆ ಹುಳ ತಿನ್ನುವುದು ಬಿಟ್ಟು, ಗೂಡು ಕಟ್ಟುವ ಹದಕ್ಕೆ ಹಣ್ಣಾದವು. ನಯನ ತಟ್ಟೆ ತಟ್ಟೆಯನ್ನೂ ಎರಡೆರಡು ಸಲ ಎಣಿಸಿದಳು. ಕೆಂಪಿನಲ್ಲಿ ಸಾವಿರಕ್ಕೆ ನಾನೂರ ಹನ್ನೊಂದು ಸತ್ತಿದ್ದವು. ಹಳದಿಯಲ್ಲಿ ಅರವತ್ತಮೂರು. ಕೆಂಪಿನಲ್ಲಿ ಮಂಚಮ್ಮ ಚುಕ್ಕೆ ಇಟ್ಟಿದ್ದ ಮುನ್ನೂರ ತೊಂಬತ್ತರಲ್ಲಿ ಉಳಿದದ್ದು ಏಳು. ಹಳದಿಯಲ್ಲಿ ಅರವತ್ತರಲ್ಲಿ ಇಪ್ಪತ್ತೊಂಬತ್ತು. ನಯನ ಫೋನ್ ಹಿಡಿದು ಸಂಖ್ಯೆಗಳನ್ನು ಓದಿದಳು. ಆ ಕಡೆ ಲಕೋಟೆ ಹರಿದ ಸದ್ದು ಕೇಳಿಸಿತು. ಔಷಧಿ ಹಳದಿಗೆ, ಕೆಲಸ ಮುಂದುವರಿಸು ಎಂದರು ಪ್ರೊಫೆಸರರು. ನಯನ ಮೆಟ್ಟಿಲ ಮೇಲೆ ಕುಸಿದು ಕೂತು ಚಿಕ್ಕ ಮಗುವಿನ ಹಾಗೆ ಅತ್ತಳು.

“ಅದ ಕೇಳಕ್ಕೆ ಮೈಸೂರ್‌ಗಂಟ ಪೋನ್ ಮಾಡ್ಬೇಕಿತ್ತಾ? ನನ್ ಕೇಳಿದ್ರೆ ಮೊನ್ನೇನೆ ಏಳ್ತಿದ್ನಲ್ಲ” ಎಂದಳು ಮಂಚಮ್ಮ, ತನ್ನ ಸೆರಗಿನಿಂದ ಅವಳ ಕಣ್ಣೊರೆಸುತ್ತ.

ನಯನ ನಕ್ಕಳು. “ಎಣಿಸಿ ಆಯ್ತು ಅಮ್ಮ. ಇನ್ನು ನೀವು ಹುಳ ಎತ್ತಬಹುದು.”

ಹಣ್ಣಾದ ಹುಳವನ್ನು ಕೈಯಿಂದಲೇ ಎತ್ತಿ, ಗೂಡು ಕಟ್ಟಲು ಬಿದಿರು ಹೆಣೆದ ಚಂದ್ರಿಕೆಯ ಮೇಲೆ ಬಿಡಬೇಕು. ಮಂಚಮ್ಮ ಹಳದಿಯ ತಟ್ಟೆಗೆ ಹೋಗಿ, ಬೇಕೆಂದೇ ಚುಕ್ಕೆಯಿದ್ದ ಹುಳವೊಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಇಂಥ ಹುಳ ಅವಳ ಕೈಯಿಂದ ಹೋಗುತ್ತಿದ್ದದ್ದು ಸುಣ್ಣಕ್ಕೆ ಮಾತ್ರ. ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಚರ್ಮದಾಚೆ ತಿಳಿ ಹೊಂಬಣ್ಣ ಕಾಣುತ್ತಿತ್ತು. ಹುಳ ತಲೆ ಎತ್ತಿ, ಆ ಕಡೆ ಈ ಕಡೆ ಆಡಿಸಿ, ಅವಳ ಹೆಬ್ಬೆರಳಿಗೆ ಬಾಯಿ ತಾಗಿಸಿತು. ಬೆರಳಿನಿಂದ ಬೆರಳಿಗೆ ಒಂದು ಎಳೆ ನೂಲು ಹಾಯಿಸಿತು.

“ನಿನ್ನ ಸಾಯ್ತೀಯೆ ಅಂದ್ಬುಟ್ಟಿದ್ನಲ್ಲಪ್ಪ. ತೆಪ್ಪಾಯ್ತು ಕಣಪ್ಪ” ಎಂದಳು ಮಂಚಮ್ಮ.

ಮರಿಸಿದ್ದಯ್ಯ ಚಂದ್ರಿಕೆ ಹಿಡಿದು ಎದುರಿಗೆ ನಿಂತು ಎರಡು ಸಲ ಕರೆದ. ನೂಲು ಕಡಿದೀತೆಂದು ಅವಳು ಕೈ ಅಲ್ಲಾಡಿಸಲಿಲ್ಲ.